ಪುಸ್ತಕ ಮುಚ್ಚಿಟ್ಟು ಓದಿದ್ದು

ಆಗ ನನ್ನ ಪುಸ್ತಕ ನೋಡಿದವರು ಇವನೇ ಕ್ಲಾಸಿಗೆ ಮೊದಲಿಗ ಅಂದುಕೊಳ್ಳಬೇಕು, ಹಾಗಿರುತ್ತಿತ್ತು. ಪುಟಪುಟದಲ್ಲೂ ಹಳದಿ, ಗುಲಾಬಿ, ಹಸಿರು ಹೈಲೈಟರ್. ಒಂದು ಪುಟದಲ್ಲಂತೂ ಬಣ್ಣ ಬೀಳದೆ ಉಳಿದಿದ್ದು ಎರಡೇ ಸಾಲು. ಒಂದೊಂದು ಪಾಠ ನಾಲ್ಕೈದು ಸಲ ಓದುತ್ತಿದ್ದೆ. ಐದನೇ ಸಲಕ್ಕೆ ಎಲ್ಲ ಸಲೀಸು, ಮುಂದಿನ ಸಾಲು ಏನು ಅಂತಲೂ ಗೊತ್ತಿರುತ್ತಿತ್ತು. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಆ ಪುಟದ ಬಣ್ಣ ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿ ಬರೆದಿದ್ದೇನು ಅನ್ನುವುದು ಬರುತ್ತಿರಲಿಲ್ಲ.

ಪದವಿಯ ಎರಡನೇ ವರ್ಷ ಶರೀರಕ್ರಿಯಾಶಾಸ್ತ್ರದ ಪರೀಕ್ಷೆಯಲ್ಲಿ ಹೀಗೇ ಆಗಿ ಫೇಲಾದೆ. ಮೂತ್ರಪಿಂಡದ ಮೇಲೆ ದೊಡ್ಡ ಪ್ರಶ್ನೆ ಬಂದಿತ್ತು. ನಾನು ಎಲ್ಲಕ್ಕಿಂತ ಜಾಸ್ತಿ ಸಲ ಓದಿದ್ದ ಪಾಠ ಅದೇ.

ಮತ್ತೆ ಪರೀಕ್ಷೆ ಕಟ್ಟಿ ಓದಲು ಕೂತೆ. ಅದೇ ಪುಟಗಳನ್ನು ಆರನೇ ಸಲ ತಿರುವಿ ಹಾಕಲು ಬೇಜಾರು. ಪುಸ್ತಕ ಮುಚ್ಚಿ, ಸುಮ್ನೆ ಒಂದು ಖಾಲಿ ಹಾಳೆಯಲ್ಲಿ ಮೂತ್ರಪಿಂಡದಲ್ಲಿ ರಕ್ತ ಸೋಸುವ ಪುಟ್ಟ ಘಟಕವಾದ ನೆಫ್ರಾನ್ ಚಿತ್ರ ಬರೆಯತೊಡಗಿದೆ. ಮೊದಲು ಗ್ಲೊಮೆರುಲಸ್ ಅನ್ನುವ ರಕ್ತನಾಳಗಳ ಉಂಡೆ. ಅದನ್ನು ಹಿಡಿದ ಬಟ್ಟಲಿನ ಹಾಗೆ ಬೌಮನ್ ಕ್ಯಾಪ್ಸೂಲ್. ಅಲ್ಲಿಂದ ಹೊರಟು ಸುತ್ತಿಕೊಳ್ಳುವ ನಳಿಕೆ. ಆಮೇಲೆ ಕೆಳಗಿಳಿದು ಮತ್ತೆ ಮೇಲೇರುವ ಹೆನ್ಲೆ ಲೂಪ್. ಅಲ್ಲಿ ಪೆನ್ನು ನಿಂತಿತು. ನೀರು ಹೊರಗೆ ಹೋಗುವುದು ಇಳಿಯುವ ಕಡೆಯೋ, ಏರುವ ಕಡೆಯೋ? ಉಪ್ಪು ಎಲ್ಲಿ? ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಮೂತ್ರವಾಗುವುದು ಒಂದೂವರೆ ಲೀಟರಿನ ಆಸುಪಾಸು ಅನ್ನುವುದು ಬಾಯಿಪಾಠವಾಗಿತ್ತು. ಮಿಕ್ಕ ನೀರು ಎಲ್ಲೆಲ್ಲಿ ವಾಪಸ್ ಹೋಯಿತು ಅಂದರೆ ಉತ್ತರವಿಲ್ಲ.

ಹತ್ತು ನಿಮಿಷ ತಲೆ ಕೆರೆದುಕೊಂಡು 'ಏರುವಾಗ ನೀರು' ಅಂತ ಬರೆದೆ. ಪುಸ್ತಕ ತೆಗೆದರೆ ಪೂರ್ತಿ ಉಲ್ಟಾ. ನೀರು ಹೋಗುವುದು ಇಳಿಯುವ ಭಾಗದಲ್ಲಿ. ಏರುವ ಭಾಗ ನೀರನ್ನು ಆಚೆ ಬಿಡುವುದೇ ಇಲ್ಲ, ಉಪ್ಪನ್ನಷ್ಟೇ ಹೊರಹಾಕುತ್ತದೆ. ಕೆಂಪು ಪೆನ್ನಿನಲ್ಲಿ ತಿದ್ದಿದೆ. ಐದು ಸಲ ಓದಿ ತಲೆಗೆ ಹತ್ತದಿದ್ದದ್ದು ಒಂದು ತಪ್ಪು ಉತ್ತರದಿಂದ ಹತ್ತಿತು.

ಎಷ್ಟೋ ಜನರ ಮುಖ ಕಂಡ ತಕ್ಷಣ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ ಅಲ್ವಾ? ನನ್ನ ಓದೆಲ್ಲ ಮುಖ ಪರಿಚಯದ ಮಟ್ಟದಲ್ಲೇ ನಿಂತಿತ್ತು. ಪರೀಕ್ಷೆ ಕೇಳುವುದು ಹೆಸರನ್ನು.

ಇದನ್ನು ಅಳೆದು ನೋಡಿದವರೂ ಇದ್ದಾರೆ ಅಂತ ಆಮೇಲೆ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು, ಇಲ್ಲವೇ ಒಂದು ಸಲ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ಒಂದು ವಾರ ಬಿಟ್ಟು ಕೇಳಿದರೆ, ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಬರೆದು ನೋಡಿದ್ದರಲ್ಲಿ ಶೇ. 56. ಆ ಮೊದಲ ಐದು ನಿಮಿಷದ ಗೆಲುವೇ ನನ್ನನ್ನು ಅಷ್ಟು ವರ್ಷ ಮೋಸ ಮಾಡಿದ್ದು.

ಅವತ್ತಿನಿಂದ ಪಾಠ ಒಂದು ಸಲ ಗಮನವಿಟ್ಟು ಓದುವುದು, ಮುಚ್ಚುವುದು, ಹಾಳೆ ತುಂಬಿಸುವುದು, ಕೆಂಪಿನಲ್ಲಿ ತಿದ್ದುವುದು. ಇಷ್ಟೇ ಮಾಡಿದೆ. ಸುಲಭವೇನಲ್ಲ. ಓದುತ್ತಾ ಕೂತರೆ ಏನೋ ಸಾಧಿಸಿದ ಖುಷಿ ಇರುತ್ತದೆ, ಖಾಲಿ ಹಾಳೆ ನೋಡಿದರೆ ನಾನು ದಡ್ಡ ಅನಿಸುತ್ತದೆ. ಮೊದಲ ಹದಿನೈದು ದಿನ ಎಷ್ಟೋ ಸಲ ಹೈಲೈಟರ್ ಕಡೆ ಕೈ ಹೋಗಿದ್ದುಂಟು.

ಅದೇ ಪಾಠವನ್ನು ಮಾರನೇ ದಿನ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಬರೆಯುತ್ತಿದ್ದೆ. ಮೂರು ದಿನದ ಹಾಳೆ ಅರ್ಧ ಖಾಲಿಯೇ ಇರುತ್ತಿತ್ತು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟು 1885ರಲ್ಲೇ ಬರೆದಿಟ್ಟಿದ್ದಾನೆ. ಮರೆವು ಮೊದಲ ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಇದು ಗೊತ್ತಾದ ಮೇಲೆ ಅರ್ಧ ಖಾಲಿ ಹಾಳೆಯ ಬಗ್ಗೆ ಬೇಸರ ಕಡಿಮೆಯಾಯಿತು. ಸ್ವಲ್ಪ ಮರೆತ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡದ್ದೇ ಗಟ್ಟಿಯಾಗಿ ನಿಲ್ಲುತ್ತಿತ್ತು.

ಸಂಖ್ಯಾಶಾಸ್ತ್ರದಲ್ಲಿ ತೊಂದರೆ ಬೇರೆ ಥರ ಇತ್ತು. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಅಧ್ಯಾಯದ ಕೊನೆಯಲ್ಲಿ ಇರುವುದೆಲ್ಲ ಟಿ-ಟೆಸ್ಟ್ ಲೆಕ್ಕ, ಎಣಿಕೆಗಳನ್ನು ಹೋಲಿಸುವ ಕೈ-ಸ್ಕ್ವೇರ್ ಅಧ್ಯಾಯದಲ್ಲಿ ಕೈ-ಸ್ಕ್ವೇರ್. ಯಾವ ಸೂತ್ರ ಹಾಕಬೇಕು ಅಂತ ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಹೆಸರಿರುವುದಿಲ್ಲ. ಹಾಗಾಗಿ ಎಲ್ಲ ಅಧ್ಯಾಯಗಳ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ದಿನಾ ಆರು ಚೀಟಿ ಎತ್ತುತ್ತಿದ್ದೆ. ಎಷ್ಟೋ ದಿನ ಲೆಕ್ಕ ಪೂರ್ತಿ ಮಾಡುತ್ತಲೂ ಇರಲಿಲ್ಲ. ಇದಕ್ಕೆ ಯಾವ ಟೆಸ್ಟ್, ಯಾಕೆ, ಅಷ್ಟು ಬರೆದು ಚೀಟಿ ವಾಪಸ್ ಹಾಕುತ್ತಿದ್ದೆ.

25 ನಿಮಿಷ ಓದಿ ಐದು ನಿಮಿಷ ಬಿಡುವು ತಗೊಳ್ಳುವ ಪದ್ಧತಿ ನನಗೆ ಹಿಡಿಸಲಿಲ್ಲ. ಹಾಳೆ ಅರ್ಧವಾಗಿರುವಾಗ ಗಂಟೆ ಹೊಡೆದರೆ ಸಿಟ್ಟು ಬರುತ್ತಿತ್ತು. ಫೋನು ಬೇರೆ ಕೋಣೆಯಲ್ಲಿಟ್ಟಿದ್ದು ಉಪಯೋಗವಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವುದನ್ನೂ ಬಿಟ್ಟೆ. ನಿದ್ದೆಯಿಲ್ಲದ ತಲೆಯಿಂದ ಏನನ್ನೂ ಹೊರತೆಗೆಯಲು ಆಗುವುದಿಲ್ಲ ಅಂತ ಫೇಲಾದ ದಿನವೇ ನೋಡಿಯಾಗಿತ್ತು.

ಮರುಪರೀಕ್ಷೆಯಲ್ಲಿ ಮೂತ್ರಪಿಂಡದ ಪ್ರಶ್ನೆಯೇ ಬರಲಿಲ್ಲ. ಹೃದಯದ ಬಡಿತದ ಸಂಕೇತ ಹೇಗೆ ಸಾಗುತ್ತದೆ ಅಂತ ಕೇಳಿದ್ದರು. ಸಂಕೇತ ಹುಟ್ಟುವ ಎಸ್‌ಎ ನೋಡ್‌ನಿಂದ ಹೊರಟು, ಅದನ್ನು ಕೆಳಗಿನ ಕೋಣೆಗಳಿಗೆ ದಾಟಿಸುವ ಎವಿ ನೋಡ್ ತನಕ ಬರೆದು ಅಲ್ಲಿ ಪೆನ್ನು ನಿಂತಿತು. ಮನೆಯ ಹಾಳೆಯಲ್ಲೂ ಇದೇ ಜಾಗದಲ್ಲಿ ಎರಡು ಸಲ ನಿಂತಿತ್ತು. ಪಕ್ಕದಲ್ಲಿ ಕೆಂಪಿನಲ್ಲಿ ಬರೆದದ್ದು ನೆನಪಾಯಿತು: 'ಇಲ್ಲಿ ಸುಮಾರು 0.1 ಸೆಕೆಂಡ್ ತಡ, ಮೇಲಿನ ಕೋಣೆ ಖಾಲಿಯಾಗಲಿ ಅಂತ.' ಬರೆದು ಮುಂದಕ್ಕೆ ಹೋದೆ.