ಮಗು ಕಾಣೆಯಾದ ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು

ಮಗು ಕಾಣಿಸುತ್ತಿಲ್ಲವೆಂದು ಗೊತ್ತಾದ ಕ್ಷಣವೇ ಮನೆಯವರಲ್ಲಿ ಒಬ್ಬರು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಉಳಿದವರು ಬಾವಿ, ತೋಡು, ಕೆರೆ, ನಿಲ್ಲಿಸಿಟ್ಟ ಕಾರುಗಳನ್ನು ನೋಡಿ ಬರಬೇಕು. ಕರಾವಳಿಯಲ್ಲಿ ಮನೆಗೊಂದು ಬಾವಿ ಇರುವುದರಿಂದ, ಸಣ್ಣ ಮಗುವಾದರೆ ನೀರಿರುವ ಜಾಗವನ್ನೇ ಮೊದಲು ಹುಡುಕುವುದು ಒಳ್ಳೆಯದು.

ದೂರು ಕೊಡಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳ ಹಕ್ಕುಗಳ ಸಂಘಟನೆಯಾದ ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ, ಮಗು ಕಾಣೆಯಾದ ದೂರನ್ನು ಎಫ್‌ಐಆರ್ ಆಗಿ ದಾಖಲಿಸಬೇಕು, ಅಪಹರಣ ಅಥವಾ ಮಾನವ ಕಳ್ಳಸಾಗಣೆ ನಡೆದಿರಬಹುದೆಂದು ಭಾವಿಸಿಯೇ ತನಿಖೆ ಆರಂಭಿಸಬೇಕು ಎಂದು ನಿರ್ದೇಶಿಸಿದೆ. ಉಡುಪಿಯ ಮಗು ಮಂಗಳೂರಿನಲ್ಲಿ ತಪ್ಪಿಸಿಕೊಂಡರೂ ನಿಮಗೆ ಹತ್ತಿರದ ಠಾಣೆಯಲ್ಲೇ, ಸರಹದ್ದು ನೋಡದೆ ಬರೆದುಕೊಳ್ಳುವ ಶೂನ್ಯ ಎಫ್‌ಐಆರ್ ದಾಖಲಿಸಬಹುದು. "ಇದು ನಮ್ಮ ಸರಹದ್ದಲ್ಲ" ಎಂಬ ಉತ್ತರವನ್ನು ಒಪ್ಪಿಕೊಂಡು ಹಿಂತಿರುಗಬಾರದು. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಠಾಣೆಗೆ ಹೋಗುವಾಗ ಮದುವೆ ಮನೆಯ ಸಿಂಗಾರದ ಫೋಟೊಕ್ಕಿಂತ ಇತ್ತೀಚಿನ ಸಾದಾ ಫೋಟೊ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ದಿನ ತೊಟ್ಟಿದ್ದ ಅಂಗಿಯ ಬಣ್ಣ, ಚಪ್ಪಲಿ, ಹಣೆಯ ಮೇಲಿನ ಗಾಯದ ಕಲೆ, ಮಗು ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ ಯಾವುದನ್ನು ಮಾತಾಡುತ್ತದೆ, ಕರೆದರೆ ಯಾವ ಹೆಸರಿಗೆ ತಿರುಗುತ್ತದೆ ಎಂಬುದನ್ನೂ ಬರೆದು ಕೊಡಿ. ಮುದ್ದಿನ ಹೆಸರನ್ನು ಹೇಳಲು ಹಲವರು ಮರೆಯುತ್ತಾರೆ, ಆದರೆ ಹೆದರಿದ ಮಗು ಸ್ಪಂದಿಸುವುದು ಅದಕ್ಕೇ.

ಮಗು ರೈಲು ಹತ್ತಿರಬಹುದೆಂಬ ಅನುಮಾನವಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ತಿಳಿಸಿ. ಮಂಗಳೂರಿನಲ್ಲಿ ಸೆಂಟ್ರಲ್‌ನ ಜೊತೆಗೆ ಜಂಕ್ಷನ್ ನಿಲ್ದಾಣಕ್ಕೂ, ಉಡುಪಿಯಲ್ಲಿ ಇಂದ್ರಾಳಿ ನಿಲ್ದಾಣಕ್ಕೂ ಸುದ್ದಿ ಮುಟ್ಟಬೇಕು, ಏಕೆಂದರೆ ಕೇರಳದ ಕಡೆಗೂ ಮುಂಬೈ ಕಡೆಗೂ ಹೋಗುವ ಹಲವು ರೈಲುಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ. ಸ್ಟೇಟ್ ಬ್ಯಾಂಕ್ ಮತ್ತು ಬಿಜೈ ಬಸ್ ನಿಲ್ದಾಣಗಳಲ್ಲಿ ಕಂಡಕ್ಟರ್‌ಗಳಿಗೆ ಫೋಟೊ ತೋರಿಸಿ. ಒಂಟಿಯಾಗಿ ಹತ್ತಿದ ಮಗುವನ್ನು ಮೊದಲು ಗಮನಿಸುವವರು ಅವರೇ.

ವಾಟ್ಸಾಪ್‌ನಲ್ಲಿ ಹಂಚುವ ಸಂದೇಶಕ್ಕೆ ದಿನಾಂಕ, ಸಮಯ, ಠಾಣೆಯ ಸಂಖ್ಯೆ ಸೇರಿಸಿ. ಮನೆಯವರ ಸಂಖ್ಯೆ ಹಾಕಿದರೆ ಹಣ ಕೇಳುವ ವಂಚಕರ ಕರೆಗಳು ಬರಬಹುದು. ಮಗು ಸಿಕ್ಕ ಕೂಡಲೇ ಫೋಟೊ ಅಳಿಸುವಂತೆ ಎಲ್ಲ ಗುಂಪುಗಳಿಗೂ ಕೇಳಿಕೊಳ್ಳಿ, ಏಕೆಂದರೆ ಆ ಮಗು ನಾಳೆ ಶಾಲೆಗೆ ಹೋಗಬೇಕಾಗಿದೆ.

ಮಲ್ಪೆ ಕಡಲತೀರದಲ್ಲೋ ರಥಬೀದಿಯ ಜನಜಂಗುಳಿಯಲ್ಲೋ ಒಂಟಿ ಮಗು ನಿಮ್ಮ ಕಣ್ಣಿಗೆ ಬಿದ್ದರೆ ಮನೆಗೆ ಕರೆದೊಯ್ಯಬೇಡಿ. ಅಲ್ಲೇ ಜೊತೆಗಿದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆಯನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ವರ್ಗಾಯಿಸಬೇಕು. ಅದು ಆಗಿದೆಯೇ ಎಂದು ಠಾಣೆಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.