ಹತ್ತನೇ ತರಗತಿಯ ಪಾಲಕರ ಸಭೆ: ಶಾಲೆಯಿಂದ ಓಣಿಯ ಕಟ್ಟೆಗೆ

ನಮ್ಮದು ಹುಬ್ಬಳ್ಳಿ ಊರಂಚಿನ ಸರ್ಕಾರಿ ಹೈಸ್ಕೂಲು. ಅಮರಗೋಳ ಎಪಿಎಂಸಿಯ ಹಮಾಲರು, ತಾರಿಹಾಳದ ಫ್ಯಾಕ್ಟರಿಗಳಿಗೆ ಶಿಫ್ಟ್‌ಗೆ ಹೋಗುವವರು, ಗೌಂಡಿಗಳು, ಮನೆಗೆಲಸದ ತಾಯಂದಿರೇ ಪಾಲಕರಲ್ಲಿ ಹೆಚ್ಚು. ಮಧ್ಯಾಹ್ನ ಸಭೆ ಕರೆದರೆ ಅವರ ಅಂದಿನ ಪಗಾರ ಹೋದಂತೆಯೇ. ಅದಕ್ಕೇ ಸಭೆಯನ್ನು ಓಣಿಗೆ ಒಯ್ಯುತ್ತೇವೆ: ರಾತ್ರಿ 7.30ಕ್ಕೆ, ಗುಡಿಯ ಕಟ್ಟೆಯ ಮೇಲೆ, ಒಂದು ಸಲಕ್ಕೆ ಹೆಚ್ಚೆಂದರೆ 15 ಮನೆ. ನಳ ಬರುವ ದಿನ ಮಾತ್ರ ಇಡಬಾರದು, ಕೊಡ ಬಿಟ್ಟು ಯಾರೂ ಬರುವುದಿಲ್ಲ. ಓಣಿಯ ನೀರಿನ ಪಾಳಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ ಗೊತ್ತಿರುತ್ತದೆ; ದಿನ ಗೊತ್ತುಮಾಡುವುದು ಅವರೇ.

ಭಾಷಣ ಇರುವುದಿಲ್ಲ. ಒಂದೊಂದು ಮಗುವಿಗೂ ಐದು ನಿಮಿಷ. ಹಾಜರಿ ಪುಸ್ತಕ, ತಿದ್ದಿದ ಉತ್ತರ ಪತ್ರಿಕೆ, ಎಸ್‌ಎಸ್‌ಎಲ್‌ಸಿ ನೋಂದಣಿಯ ಕರಡು ಪಟ್ಟಿ, ಇಷ್ಟು ಜೊತೆಗಿದ್ದರೆ ಸಾಕು. ಓದು ಬಾರದ ತಾಯಿಗೆ ಅಂಕ ಹೇಳುವುದಕ್ಕಿಂತ ಪತ್ರಿಕೆಯನ್ನೇ ತಿರುವಿ ತೋರಿಸುವುದು ಮೇಲು. ಗಣಿತದ ಪತ್ರಿಕೆಯಲ್ಲಿ ಎಲ್ಲಿಂದ ಹಾಳೆ ಖಾಲಿ ಬಿದ್ದಿದೆ ಎನ್ನುವುದು ಅವರ ಕಣ್ಣಿಗೇ ಕಾಣುತ್ತದೆ.

ಹಾಜರಿ ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ತೊಡಕು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹಂಗಾಮಿನಲ್ಲಿ ಹುಡುಗಿಯರು ತಾಯಿಯ ಜೊತೆ ಕೂಲಿಗೆ ಹೋಗಿಬಿಡುತ್ತಾರೆ. ಆದ್ದರಿಂದ ಇನ್ನೆಷ್ಟು ದಿನ ತಪ್ಪಿಸಬಹುದು ಎಂಬ ಲೆಕ್ಕವನ್ನು ಹಂಗಾಮಿಗೆ ಮೊದಲೇ ಹೇಳಿರಬೇಕು.

ನಿಜವಾಗಿ ಹೊತ್ತು ಹಿಡಿಯುವುದು ಹೆಸರಿನ ತಪಾಸಣೆ. ಶಾಲೆಯ ದಾಖಲಾತಿ ರಿಜಿಸ್ಟರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಭಾಗ. ರಿಜಿಸ್ಟರ್‌ನಲ್ಲಿ ‘ಮಂಜುನಾಥ ಬಸಪ್ಪ ಹೂಗಾರ’ ಇದ್ದವನು ಆಧಾರ್‌ನಲ್ಲಿ ಬರೀ ‘ಮಂಜುನಾಥ ಹೂಗಾರ’ ಆಗಿರುತ್ತಾನೆ. ತಾಯಿಯದು ಒಂದು ಕಡೆ ತವರಿನ ಹೆಸರು, ಇನ್ನೊಂದು ಕಡೆ ಗಂಡನ ಮನೆಯಲ್ಲಿ ಇಟ್ಟ ಹೆಸರು. ಒಂದನೇ ತರಗತಿಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ‘ಜೂನ್ 1’ ಹುಟ್ಟಿದ ದಿನವಾಗಿ ಉಳಿದಿರುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಂತೂ ಒಂದು ‘ಎಚ್’ ಹೆಚ್ಚುಕಡಿಮೆ ಆದರೂ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಬೀಳುತ್ತದೆ.

ನೋಂದಣಿಯ ಕರಡು ಪಟ್ಟಿಯನ್ನು ಪಾಲಕರ ಕೈಗೆ ಕೊಟ್ಟು ಸಹಿ ಕೇಳಬೇಡಿ, ನೋಡದೆಯೇ ಹಾಕಿಕೊಡುತ್ತಾರೆ. ‘ಅಕ್ಕಾರ, ನಿಮ್ಮ ಮಗಳ ಹೆಸರು ಹಿಂಗ ಐತ್ರಿ, ಬರೋಬ್ಬರಿ ಐತೇನು ಹೇಳ್ರಿ’ ಎಂದು ಗಟ್ಟಿಯಾಗಿ ಓದಿ, ಇಂಗ್ಲಿಷ್ ಅಕ್ಷರಗಳನ್ನು ಮಗುವಿನಿಂದಲೇ ಒಂದೊಂದಾಗಿ ಹೇಳಿಸಿ, ಆಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು. ತಪ್ಪು ಆಧಾರ್‌ನಲ್ಲಿದ್ದರೆ ಆಧಾರ್ ತಿದ್ದಿಸಲು ಕಳಿಸುತ್ತೇವೆ. ಸ್ಯಾಟ್ಸ್‌ಗೆ ಏರಿಸುವಾಗಿನ ತಪ್ಪಾದರೆ ರಿಜಿಸ್ಟರ್ ಆಧಾರವಾಗಿಟ್ಟುಕೊಂಡು ಶಾಲೆಯೇ ತಿದ್ದಬೇಕು. ಆಧಾರ್‌ಗೆ ಸರಿಹೊಂದಲಿ ಎಂದು ರಿಜಿಸ್ಟರ್ ತಿದ್ದುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಮುಂದೆ ವರ್ಗಾವಣೆ ಪತ್ರಕ್ಕೂ ಅಂಕಪಟ್ಟಿಗೂ ತಾಳೆಯಾಗುವುದಿಲ್ಲ.

ಎಸ್‌ಎಸ್‌ಎಲ್‌ಸಿಯ ಈ ಅಂಕಪಟ್ಟಿಯೇ ಮುಂದೆ ಹುಟ್ಟಿದ ದಿನಕ್ಕೆ ಪುರಾವೆ. ಅಚ್ಚಾದ ಮೇಲೆ ತಿದ್ದಿಸಬೇಕೆಂದರೆ ಹಮಾಲಿ ಮಾಡುವ ತಂದೆ ಕೂಲಿ ಬಿಟ್ಟು ಕಚೇರಿಗಳಿಗೆ ಅಲೆಯಬೇಕು. ಸಭೆಗೆ ಬಾರದ ಮನೆಗೆ ಮರುದಿನ ಬೆಳಿಗ್ಗೆ 7ರೊಳಗೆ ಹೋಗಿ. ಅಷ್ಟೊತ್ತಿಗೆ ತಂದೆ ಇನ್ನೂ ಕೆಲಸಕ್ಕೆ ಹೊರಟಿರುವುದಿಲ್ಲ.