ರಿಸರ್ವ್‌ನಿಂದ ಆಕ್ಟಿವ್‌ಗೆ: ಬೋನಸ್ ಕೊನೆಗೂ ಕೈಗೆ ಬಂತು

ಯುಎಸ್ ಆರ್ಮಿಯ ರಿಸರ್ವ್ (ಪಾರ್ಟ್ ಟೈಮ್ ಸೈನ್ಯ) ಬಿಟ್ಟು ಆಕ್ಟಿವ್ ಡ್ಯೂಟಿಗೆ (ಫುಲ್ ಟೈಮ್) ಹೋದರೆ ಬೋನಸ್ಸೂ ಇಲ್ಲ ಗೀನಸ್ಸೂ ಇಲ್ಲ ಅಂತ ನನಗೆ ಹೇಳದವರೇ ಇರಲಿಲ್ಲ. ಯುನಿಟ್‌ನವರು ನಕ್ಕರು. ದಾವಣಗೆರೆಯಿಂದ ಅಪ್ಪ ಫೋನಿನಲ್ಲೇ ಬೈದರು, "ಇರೋ ಕೆಲಸ ಬಿಟ್ಟು ಅಲ್ಲಿಗೆ ಯಾಕೋ ಹೋಗ್ತೀಯ" ಅಂತ. ಸಿಕ್ಕಿತು ನೋಡಿ. 14 ಸಾವಿರ ಡಾಲರ್ ಹತ್ತಿರ, ಅದೂ ಫೆಡರಲ್ ಟ್ಯಾಕ್ಸ್ ಒಂದು ಸೆಂಟೂ ಕಟ್ ಆಗದೆ. ನಾಲ್ಕು ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು.

2013ರಲ್ಲಿ ಗ್ರೀನ್ ಕಾರ್ಡ್ ಮೇಲೆ ರಿಸರ್ವ್ ಸೇರಿದವನು ನಾನು. 2019ರಲ್ಲಿ ಮೊದಲ ಸಲ ಡಿಡಿ 368, ಅಂದರೆ ರಿಸರ್ವ್‌ನಿಂದ ರಿಲೀಸ್ ಕೇಳೋ ಅರ್ಜಿ ಹಾಕಿದೆ. ಅದು ಯುನಿಟ್‌ನಲ್ಲಿ ಯಾರದೋ ಮೇಜಿನ ಮೇಲೆ ಐದು ತಿಂಗಳು ಕೂತಿತು. ಸಹಿ ಬಿದ್ದಾಗ ನನ್ನ ಎಂಒಎಸ್‌ನಲ್ಲಿ (ಸೈನ್ಯದಲ್ಲಿ ನಾನು ಮಾಡೋ ಕೆಲಸದ ವಿಭಾಗ) ಜಾಗ ಇಲ್ಲ, ಜಾಗ ಬಂದಾಗ ರಿಲೀಸ್‌ನ ಅವಧಿ ಮುಗಿದಿತ್ತು. ಎರಡನೇ ಸಲ ಒಬ್ಬ ರಿಕ್ರೂಟರ್ "ಬೋನಸ್ 10 ಸಾವಿರ ಗ್ಯಾರಂಟಿ" ಅಂದ. ಸಹಿ ಹಾಕೋ ದಿನ ಕಾಂಟ್ರಾಕ್ಟ್‌ನ ಅನೆಕ್ಸ್ ಎಲ್ಲ ತಿರುವಿ ಹಾಕಿದೆ, ಬೋನಸ್ ಅನ್ನೋ ಸಾಲೇ ಇಲ್ಲ. "ಆಮೇಲೆ ಸೇರಿಸ್ತಾರೆ" ಅಂತೆ! ಎದ್ದು ಬಂದೆ. ಆ ವರ್ಷ ಸಂಬಳವಿಲ್ಲದ ರಜೆ, ಓಡಾಟ, ಹೋಟೆಲ್ ಅಂತ ಕೈಯಿಂದ 900 ಡಾಲರ್ ಹೋಗಿರಬಹುದು.

ಆಮೇಲೆ ತಲೆಗೆ ಹೊಳೆಯಿತು. ಎಲ್ಲರೂ ಎಡವೋದು ಇಲ್ಲೇ. ನಾವು ಇದನ್ನ ರೀ-ಎನ್‌ಲಿಸ್ಟ್‌ಮೆಂಟ್ ಅಂತೀವಿ, ಆದರೆ ರಿಸರ್ವ್‌ನಿಂದ ಬರೋನು ಪ್ರಯರ್ ಸರ್ವೀಸ್ (ಮೊದಲೇ ಸೇವೆ ಮಾಡಿದವನು) ಅಂತ ಹೊಸದಾಗಿ ಎನ್‌ಲಿಸ್ಟ್ ಆಗ್ತಾನೆ. ಎಸ್‌ಆರ್‌ಬಿ, ಅಂದರೆ ರೀ-ಎನ್‌ಲಿಸ್ಟ್‌ಮೆಂಟ್ ಬೋನಸ್, ಏನಿದ್ದರೂ ಈಗಾಗಲೇ ಆಕ್ಟಿವ್ ಒಳಗೆ ಇರೋರಿಗೆ. ಹಾಗಾದರೆ ಬಾಗಿಲಲ್ಲಿ ನಿಂತು ಬೋನಸ್ ಕೇಳೋದು ಯಾಕೆ, ಮೊದಲು ಒಳಗೆ ಹೋಗಿಬಿಡೋಣ ಅಂತ 2021ರಲ್ಲಿ ಬೋನಸ್ ಕೇಳದೆ ಮೂರೇ ವರ್ಷಕ್ಕೆ ಸಹಿ ಹಾಕಿದೆ. ಸ್ಟಾಫ್ ಸಾರ್ಜೆಂಟ್ ಆಗಿದ್ದವನು ಒಂದು ಮೆಟ್ಟಿಲು ಇಳಿದು ಸಾರ್ಜೆಂಟ್ ಆದೆ. ತಿಂಗಳಿಗೆ 300 ಡಾಲರ್ ಆಸುಪಾಸು ಕಮ್ಮಿ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ.

ಇನ್ನು ಜೋನ್ ಲೆಕ್ಕ. ಸರ್ವೀಸ್ ಎಷ್ಟು ವರ್ಷ ಅಂತ ನೋಡಿ ಎ, ಬಿ, ಸಿ ಅಂತ ಗುಂಪು ಮಾಡಿ ಎಸ್‌ಆರ್‌ಬಿ ಕೊಡ್ತಾರೆ, ಕಮ್ಮಿ ವರ್ಷದವರದ್ದು ಎ. 2023ಕ್ಕೆ ನಂದು ಹತ್ತು ವರ್ಷದ ಸರ್ವೀಸ್, ಆದ್ದರಿಂದ ಜೋನ್ ಸಿ, ಅದರಲ್ಲಿ ನಿನ್ನ ಎಂಒಎಸ್‌ಗೆ ದುಡ್ಡಿಲ್ಲ ಅಂದರು ಯುನಿಟ್‌ನ ಕರಿಯರ್ ಕೌನ್ಸೆಲರ್. ಆದರೆ ಜೋನ್ ನೋಡೋದು ಆಕ್ಟಿವ್ ಸರ್ವೀಸ್ ಮೇಲೆ, ರಿಸರ್ವ್‌ನ ಡ್ರಿಲ್ ವೀಕೆಂಡ್‌ಗಳ ಮೇಲಲ್ಲ. ಆಕ್ಟಿವ್ ಸರ್ವೀಸ್‌ನ ದಾಖಲೆಯಾದ ಹಳೇ ಡಿಡಿ 214 ಎರಡನ್ನೂ ಹುಡುಕಿ ತೆಗೆದೆ. ಬೇಸಿಕ್ ಟ್ರೇನಿಂಗ್ ಮತ್ತು ಎಐಟಿ (ಕೆಲಸದ ಟ್ರೇನಿಂಗ್) ಸೇರಿ ಐದು ತಿಂಗಳು, ಒಂದು ಡಿಪ್ಲಾಯ್‌ಮೆಂಟ್ ಹತ್ತು ತಿಂಗಳು, ಮೇಲೆ ಈಗಿನ ಎರಡು ವರ್ಷ. ಮೂರೂವರೆ ವರ್ಷವೂ ಆಗಲ್ಲ, ಜೋನ್ ಎ! ಕೌನ್ಸೆಲರ್ ಬೆರಳಲ್ಲಿ ಎರಡು ಸಲ ಎಣಿಸಿ ಸುಮ್ಮನಾದರು.

ಆಗ ನಮ್ಮ ಯುನಿಟ್ ಕುವೈತ್‌ಗೆ ಹೊರಟಿತ್ತು. ಹೋಗೋರ ಪಟ್ಟಿಗೆ ನನ್ನ ಹೆಸರು ಹೇಗೆ ಸೇರಿತು ಅನ್ನೋದು ಇಲ್ಲಿ ಬೇಡ, ಅದು ನನ್ನ ಹತ್ರಾನೇ ಇರಲಿ. "ಇಲ್ಲೇ ಸಹಿ ಹಾಕಿ ಹೋಗು, ಹೊಸ ಮಿಲ್‌ಪರ್ ಬಂದು ರೇಟ್ ಬಿದ್ದರೆ ಅಳಬೇಡ" ಅಂತ ಎಲ್ಲರೂ ಹೇಳಿದರು. ಮಿಲ್‌ಪರ್ ಅಂದರೆ ಬೋನಸ್ ರೇಟ್ ತಿಳಿಸೋ ಆರ್ಮಿ ಸುತ್ತೋಲೆ. ಬೀಳಬಹುದಿತ್ತು, ನಿಜ. ಆದರೆ ಟ್ಯಾಕ್ಸ್ ಲೆಕ್ಕಕ್ಕೆ ಕುವೈತ್ ಕಂಬ್ಯಾಟ್ ಜೋನ್ (ಯುದ್ಧವಲಯ), ಅಲ್ಲಿ ಇರೋ ತಿಂಗಳಲ್ಲಿ ಸಹಿ ಹಾಕಿದರೆ ಬೋನಸ್ ಪೂರ್ತಿ ಟ್ಯಾಕ್ಸ್ ಫ್ರೀ. ಇಲ್ಲೇ ಹಾಕಿದ್ದರೆ 22 ಪರ್ಸೆಂಟ್ ಮೊದಲೇ ಹಿಡಿದುಕೊಳ್ಳುತ್ತಿದ್ದರು, ಅಂದರೆ 3 ಸಾವಿರ ಚಿಲ್ಲರೆ. ಕಾದೆ.

ಕುವೈತ್‌ನ ಕ್ಯಾಂಪ್ ಅರಿಫ್ಜಾನ್‌ನಲ್ಲಿ ಬೆಳಿಗ್ಗೆ ಏಳಕ್ಕೇ ನೆತ್ತಿ ಸುಡ್ತಾ ಇತ್ತು. ಇಬ್ಬರು ಹುಡುಗರು ಬಾವುಟ ಹಿಡಿದು ನಿಂತಿದ್ದರು, ಗಾಳಿಗೆ ಅದು ಪದೇ ಪದೇ ಕ್ಯಾಪ್ಟನ್ ಮುಖಕ್ಕೆ ಬಡೀತಿತ್ತು. ಅವರು ಪ್ರಮಾಣವಚನ ಹೇಳಿಕೊಟ್ಟರು, ನಾನು ಬಲಗೈ ಎತ್ತಿ ಹೇಳಿದೆ. ಸಹಿ ಹಾಕುವಾಗ ಬೆವರು ಬಿದ್ದು ಪೇಪರ್ ಒದ್ದೆ, ಇನ್ನೊಂದು ಪ್ರಿಂಟ್ ತೆಗೆಸಬೇಕಾಯ್ತು. ತಾರೀಕು ಮಾತ್ರ ಮೂರು ಸಲ ನೋಡಿದೆ.

ಜೊತೆಗೆ ಇನ್ನೊಂದು ಲಾಭ ಆಯ್ತು. 2018ರಲ್ಲಿ ಬಿಆರ್‌ಎಸ್ ಅನ್ನೋ ಹೊಸ ಪಿಂಚಣಿ ಪದ್ಧತಿ ಆರಿಸಿಕೊಂಡಿದ್ದೆ. ಅದರಲ್ಲಿ ಸೇವೆ ಮುಂದುವರಿಸೋರಿಗೆ ಒಂದು ಸಲ ಕಂಟಿನ್ಯುಯೇಷನ್ ಪೇ ಕೊಡ್ತಾರೆ, ರಿಸರ್ವ್‌ನವರಿಗೆ ಕನಿಷ್ಠ ಅರ್ಧ ತಿಂಗಳ ಬೇಸಿಕ್ ಸಂಬಳ, ಆಕ್ಟಿವ್‌ನವರಿಗೆ ಕನಿಷ್ಠ ಎರಡೂವರೆ ತಿಂಗಳದ್ದು. ರಿಸರ್ವ್‌ನಲ್ಲಿದ್ದಾಗ ಅದನ್ನ ತಗೊಳ್ಳದೆ ಬಿಟ್ಟಿದ್ದೆ. 2024ರಲ್ಲಿ ತಗೊಂಡೆ, 10 ಸಾವಿರ ಹತ್ತಿರ ಬಂತು.

ಇಲ್ಲೇ ಸ್ವಲ್ಪ ಜಾಣತನ ಜಾಸ್ತಿಯಾಯ್ತು. ಅಷ್ಟೂ ರಾಥ್ ಟಿಎಸ್‌ಪಿಗೆ (ನಿವೃತ್ತಿ ಉಳಿತಾಯ ಖಾತೆ) ಸುರಿದೆ, ಪ್ರತಿ ತಿಂಗಳು ಬೇಸಿಕ್‌ನ ಮೂರನೇ ಒಂದು ಪಾಲು ಬೇರೆ. ಅಕ್ಟೋಬರ್‌ಗೇ ಆ ವರ್ಷದ 23 ಸಾವಿರದ ಮಿತಿ ಮುಟ್ಟಿತು. ಕಡೇ ಎರಡು ತಿಂಗಳು ನಾನು ಹಾಕೋಕಾಗಲಿಲ್ಲ, ಹಾಗಾಗಿ ನಾನು ಹಾಕಿದ್ದಕ್ಕೆ ಸರ್ಕಾರ ಸೇರಿಸೋ 4 ಪರ್ಸೆಂಟ್ ಮ್ಯಾಚಿಂಗೂ ನಿಂತಿತು. 320 ಡಾಲರ್ ಸುಮ್ನೆ ಹೋಯ್ತು. ಡಿಸೆಂಬರ್ ಎಲ್‌ಇಎಸ್ (ಸಂಬಳದ ಚೀಟಿ) ನೋಡಿದಾಗಲೇ ಗೊತ್ತಾಗಿದ್ದು. ಅಪ್ಪನಿಗೆ 14 ಸಾವಿರದ ವಿಷಯ ಹೇಳಿದ್ದೇನೆ, ಇದನ್ನ ಹೇಳಿಲ್ಲ.